ಕಬ್ಬಿಣದ ಕಡಲೆಯ ಹಾಜರಿ ಪುಸ್ತಕ

ಮೂವತ್ತೊಂದು ವರ್ಷ ಟೈಂ ಆಫೀಸಿನ ಕಿಟಕಿಯಲ್ಲಿ ಕೂತು
ಯಾರು ಬಂದರು, ಯಾರು ಬರಲಿಲ್ಲ, ಎರಡೇ ಬರೆದವನು ನಾನು.
ಕಾರಣಕ್ಕೆ ಆ ಪುಸ್ತಕದಲ್ಲಿ ಜಾಗ ಇರಲಿಲ್ಲ.

ಅದಕ್ಕೇ ಇರಬೇಕು, ಭದ್ರಾವತಿಯಲ್ಲಿ ಯಾರಿಗೆ ಅನುಮಾನ ಬಂದರೂ
ಜನ್ನಾಪುರದ ನನ್ನ ಮನೆ ಮೆಟ್ಟಿಲು ಹತ್ತುತ್ತಾರೆ:
‘ಯಲ್ಲೋಜಣ್ಣ, ಕಬ್ಬಿಣದ ಕಡಲೆಯವರು ಮತ್ತೆ ಸೇರ್ತಾರಂತೆ, ಹೌದಾ?’

ಅಂತೆ.
ಈ ಊರು ಉಕ್ಕಿಗಿಂತ ಹೆಚ್ಚು ಎರಕ ಹೊಯ್ದದ್ದು ಈ ಮಾತನ್ನು.

ಮೊದಲು ನಿಜ ಹೇಳುತ್ತೇನೆ, ಅದು ಸ್ವಲ್ಪವೇ ಇದೆ.
ಗಿಟಾರು ಗಫೂರ್, ಬೇಸ್ ತಿಪ್ಪೇಶ,
ಡ್ರಮ್ಮು ಆರೋಗ್ಯಸ್ವಾಮಿ, ಗಂಟಲು ಫ್ಲೋರಿನ್ ಡಿಸಿಲ್ವ.
ಗಂಟಲು ಅಂದೆ; ಗಾಯನ ಅಂದರೆ ಅವಳಿಗೆ ಸಿಟ್ಟು.
ತೊಂಬತ್ತೊಂದರಿಂದ ತೊಂಬತ್ತಾರು, ಹನ್ನೊಂದು ಕಾರ್ಯಕ್ರಮ,
ಒಂದು ಕ್ಯಾಸೆಟ್ಟು. ಅದರ ಬಿ ಬದಿಯಲ್ಲಿ
ಎರಡನೇ ಪಾಳಿಯ ಸೈರನ್ನು ತಾನಾಗಿ ಸೇರಿಕೊಂಡಿದೆ.
ಬೇಕೆಂದೇ ಹಾಕಿದ್ದು, ಎಂಥಾ ತಲೆ, ಅನ್ನುವವರಿದ್ದಾರೆ.
ಅಲ್ಲ. ಕಿಟಕಿ ಮುಚ್ಚಲು ಮರೆತವನು ನಾನು.

ಇನ್ನು ಉಳಿದದ್ದು.
ಗಫೂರ್ ದುಬೈಯ ದೊಡ್ಡ ಹೋಟೆಲಿನಲ್ಲಿ ನುಡಿಸುತ್ತಾನೆ:
ಸುಳ್ಳು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಿಕ್ಸಿ ರಿಪೇರಿ.
ಮೋಟಾರಿನ ಶ್ರುತಿ ಕೂಡದೆ ವಾಪಸು ಕೊಡುವುದಿಲ್ಲ ಅನ್ನುತ್ತಾರಲ್ಲ,
ಅದು ನಿಜ; ನಮ್ಮದೇ ಮಿಕ್ಸಿ, ಒಂದೂವರೆ ತಿಂಗಳು.
ತಿಪ್ಪೇಶ ಸನ್ಯಾಸಿಯಾದ: ಗಡ್ಡ ಮಾತ್ರ.
ಫ್ಲೋರಿನ್‌ಗೂ ಡ್ರಮ್ಮಿನವನಿಗೂ ಏನೋ ಇತ್ತು, ಅದಕ್ಕೇ ಒಡೆಯಿತು:
ಈ ಸಾಲಿನ ಮುಂದೆ ಇಪ್ಪತ್ತು ವರ್ಷದಿಂದ ಖಾಲಿ ಬಿಟ್ಟಿದ್ದೇನೆ.
ಒಡೆದದ್ದು ಆಂಪ್ಲಿಫೈಯರ್ ಕಂತಿನ ನಾನೂರ ಎಂಬತ್ತು ರೂಪಾಯಿಗೆ,
ರಸೀದಿ ನನ್ನ ಹತ್ತಿರವೇ ಇದೆ.
ಆದರೆ ನಾನೂರ ಎಂಬತ್ತಕ್ಕೆ
ಯಾರಾದರೂ ಅಷ್ಟು ಅಳುತ್ತಾರೆಯೇ?

ಆಂಪ್ಲಿಫೈಯರ್ ಹೊರುತ್ತಿದ್ದ ಐದನೆಯವನು ಸತ್ತ, ಪಾಪ,
ಎಂದು ಹೊಳೆಹೊನ್ನೂರಿನ ಹುಡುಗನೊಬ್ಬ ನನ್ನೆದುರೇ ಮರುಗಿದ.
ನಾನೂ ಮರುಗಿದೆ.
ರಾತ್ರಿ ಪುಸ್ತಕ ತೆರೆದು ಪೆನ್ಸಿಲಿನಲ್ಲಿ ಬರೆದೆ: ಸುಳ್ಳು, ಸದ್ಯಕ್ಕೆ.

ಮತ್ತೆ ಸೇರುವ ಸುದ್ದಿ ಏಳು ಸಲ ಬಂದಿದೆ.
ಒಮ್ಮೆ ಹಳೇ ಸೇತುವೆಯ ಹತ್ತಿರ ಪೋಸ್ಟರೇ ಕಂಡಿತ್ತು,
ಕನ್ನಡಕ ಹಾಕಿ ಓದಿದರೆ ಹುರಿಗಡಲೆ ಅಂಗಡಿಯದು.
ಒಮ್ಮೆ, ಒಪ್ಪಿಕೊಳ್ಳುತ್ತೇನೆ, ನಾನೇ ಬಿಟ್ಟೆ,
ಕಾರ್ಖಾನೆಯ ಸೈರನ್ನು ನಿಂತ ವಾರ, ಕ್ಷೌರದಂಗಡಿಯಲ್ಲಿ,
ಊರು ತೀರಾ ಸುಮ್ಮನಿತ್ತು ಅಂತ.
ನಾಲ್ಕು ದಿನಕ್ಕೆ ಅದು ಶಿವಮೊಗ್ಗ ಸುತ್ತಿ
ತಾರೀಕು, ಟಿಕೆಟ್ ದರ ಸಮೇತ ನನ್ನ ಬಾಗಿಲು ತಟ್ಟಿತು.
ನಂಬಿ, ಅಂಗಿ ಇಸ್ತ್ರಿ ಮಾಡಿಸಿದೆ.

ಈಗ ಇದು.
ಹೋದ ಫೆಬ್ರವರಿ, ಮೆಗ್ಗಾನ್ ಆಸ್ಪತ್ರೆಯ ಮಹಡಿ,
ಆರೋಗ್ಯಸ್ವಾಮಿಯ ಮಂಚ. ಗಫೂರ್ ಬಂದ, ಗಡ್ಡ ಬಂತು,
ಫ್ಲೋರಿನ್ ಮಂಗಳೂರು ಬಸ್ಸಿಳಿದು ಬಂದಳು, ತಲೆಗೂದಲು ಬೆಳ್ಳಗೆ.
ಯಾರೂ ನುಡಿಸಲಿಲ್ಲ. ಹಳೆಯದನ್ನು ಯಾರೂ ಎತ್ತಲಿಲ್ಲ.
ಗಫೂರ್ ಫ್ಯಾನಿಗೆ ಕಿವಿಗೊಟ್ಟು ‘ಬೇರಿಂಗು ಹೋಗಿದೆ’ ಅಂದ.
ಮಂಚದ ಸರಳಿಗೆ ಎರಡು ಬೆರಳು ತಾಗಿದವು,
ನಿಂತವು,
ಮತ್ತೆ ತಾಗಿದವು.
ಫ್ಲೋರಿನ್ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು.
ನರ್ಸು ಬಂದು, ಇಷ್ಟು ಜನ ಇರಬಾರದು, ಹೊರಡಿ ಅಂದಳು.

ನಿನ್ನೆ ಅದೇ ಹುಡುಗ: ‘ಸೇರಿದ್ರಂತೆ?’
ಪುಸ್ತಕ ತೆಗೆದೆ. ನಾಲ್ಕೂ ಹೆಸರಿಗೆ ಹಾಜರ್ ಇದೆ, ಶಾಯಿಯಲ್ಲಿ.
ಕಾರ್ಯಕ್ರಮ ಅನ್ನುವಲ್ಲಿ ಏನು ಬರೆಯಲಿ?
ಚಹಾ ಕುಡಿ ಅಂದೆ. ಕುಡಿದ.
‘ಅಲ್ಲ, ನೀವು ಹೇಗೆ ಅಲ್ಲಿ?’
ಕಿತ್ತಳೆ ಹೊತ್ತುಕೊಂಡು ಹೋಗಿದ್ದೆ, ಅಂದೆ.