ಕರಿಕಾಳು

ಇಪ್ಪತ್ತಾರು ವರ್ಷ ಕೂಡಿಗೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿಬೀಜ ಆರಿಸಿದವಳು ನಾನು.
ಕರಿಕಾಳು, ಒಡಕು, ಹುಳ ಕೊರೆದದ್ದು
ಬೆರಳಿಗೇ ಗೊತ್ತಾಗುತ್ತಿತ್ತು,
ಕಣ್ಣು ಗಡಿಯಾರದ ಮೇಲಿದ್ದರೂ.

ಆ ಬೆರಳೇ ಹೋಗಿ ಸಹಿ ಹಾಕಿತು.

ಜೀಪಿಗೆ ಡೀಸೆಲ್ ತುಂಬುವಷ್ಟರಲ್ಲಿ
ಬಂಕಿನವರು ಕೊಟ್ಟ ಚೀಟಿಯಲ್ಲಿ
ಲೋಕಯ್ಯ ನಂಬರು ಬರೆದು ಕೊಟ್ಟಿದ್ದರು.
ಮೂರನೇ ದಿನ ಫೋನು: ಬಹುಮಾನ ಬಂದಿದೆ ಸಾರ್,
ಗಂಡ ಹೆಂಡತಿ ಇಬ್ಬರೂ ಬರಬೇಕು,
ಒಬ್ಬರೇ ಬಂದರೆ ಇಲ್ಲ.
ಯಾಕೆಂದು ಆಗಲೇ ಹೊಳೆಯಬೇಕಿತ್ತು:
ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನಲು
ಮನೆಯಲ್ಲಿ ಯಾರೂ ಉಳಿದಿರಬಾರದು.

ಮಡಿಕೇರಿಯ ಹೋಟೆಲು, ಮೇಲಿನ ಹಾಲು.
ಒಂದು ಗಂಟೆ ಎಂದದ್ದು ನಾಲ್ಕಾಯಿತು.
ಟೈ ಕಟ್ಟಿದ ಹುಡುಗ ಅಮ್ಮಾ ಅಂದ,
ಮೊಣಕಾಲು ನೋವು ಹೇಗಿದೆ ಅಂದ,
ಗೋವಾ ತೋರಿಸಿದ, ಮನಾಲಿ ತೋರಿಸಿದ.
ಇಪ್ಪತ್ತೈದು ವರ್ಷ, ವರ್ಷಕ್ಕೆ ಏಳು ರಾತ್ರಿ,
ನಿಮ್ಮದೇ ಮನೆ ಅಂದುಕೊಳ್ಳಿ,
ಈ ರೇಟು ಇವತ್ತು ಸಂಜೆವರೆಗೆ ಮಾತ್ರ.
ಯಾರಾದರೂ ಒಪ್ಪಿದಾಗೆಲ್ಲ ಗಂಟೆ ಬಾರಿಸಿ
ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.
ನಮಗೂ ತಟ್ಟಿದರು.
ರಿಟೈರಾದ ದಿನವೂ ನನಗೆ ಯಾರೂ ತಟ್ಟಿರಲಿಲ್ಲ.

ಗ್ರ್ಯಾಚುಟಿಯಲ್ಲಿ ಅರವತ್ತು ಸಾವಿರ ಅಲ್ಲೇ ಉಜ್ಜಿಕೊಂಡರು,
ಉಳಿದದ್ದು ಕಂತು.
ಬಹುಮಾನ ಒಂದು ಫ್ಲಾಸ್ಕು. ಮುಚ್ಚಳ ಸೋರುತ್ತದೆ.

ಫೈಲು ಬೀರುವಿನ ಮೇಲೆ ಕೂತೇ ಇತ್ತು.
ಕರಿಬೇವು ಕೇಳಲು ಬಂದ ಎದುರುಮನೆಯ ಸಫ್ರೀನಾ,
ಬಿ.ಕಾಂ. ಹುಡುಗಿ, ಬಿಡಿಸಿ ನೋಡಿ ಹೊಸ್ತಿಲಲ್ಲೇ ಕೂತಳು.
ನೀನು ಓದು, ನಾನು ಆರಿಸುತ್ತೇನೆ ಅಂದೆ.

ಮನೆ ಎಂಬ ಮಾತು ಎಲ್ಲೂ ಇರಲಿಲ್ಲ,
ಇದ್ದದ್ದು ಬಳಸುವ ಹಕ್ಕು.
ಹೋಗಲಿ ಬಿಡಲಿ ವರ್ಷವರ್ಷ ನಿರ್ವಹಣಾ ಶುಲ್ಕ,
ಎಷ್ಟು ಏರಿಸುವುದೋ ಅವರ ಮರ್ಜಿ.
ಗೋವಾ, ಖಾಲಿ ಇದ್ದರೆ.
ಪ್ರತಿನಿಧಿ ಬಾಯಲ್ಲಿ ಹೇಳಿದ್ದಕ್ಕೆ
ಕಂಪನಿ ಹೊಣೆಯಲ್ಲ.
ಅಂದರೆ ಆ ಅಮ್ಮಾ ಕೂಡ ಲೆಕ್ಕಕ್ಕಿಲ್ಲ.

ನಮಗೆ ಕೊಟ್ಟ ವಾರ ಯಾವುದು ನೋಡೇ ಅಂದೆ.
ನೀಲಿ ಸೀಸನ್ ಆಂಟಿ, ಜುಲೈ ಕೊನೆ, ಗಾಳಿಬೀಡು.
ಕ್ಯಾಲೆಂಡರ್ ತಿರುವಿದೆ. ಕಕ್ಕಡ.
ಸೊಪ್ಪು ತಂದು ಮದ್ದುಪಾಯಸ ಕಾಸುವ ತಿಂಗಳು,
ಜಿಗಣೆಯೂ ಹೊರಗೆ ಬರಲು ಯೋಚಿಸುವ ತಿಂಗಳು.
ಲೋಕಯ್ಯ ಮೊದಲ ಸಲ ನಕ್ಕರು:
ನಮ್ಮ ಮಳೆಯನ್ನು ನಮಗೇ ಮಾರಿದ್ದಾನೆ ಕಣೇ.

ಹತ್ತೊಂಬತ್ತನೇ ಪುಟದಲ್ಲಿ, ರಾಗಿಗಿಂತ ಸಣ್ಣ ಅಕ್ಷರದಲ್ಲಿ,
ಒಂದೇ ಒಂದು ಗಟ್ಟಿಕಾಳು ಸಿಕ್ಕಿತು:
ಹತ್ತು ದಿನದೊಳಗೆ ಬರೆದು ತಿಳಿಸಿದರೆ ರದ್ದು, ಹಣ ವಾಪಸ್.
ಬೆರಳು ಮಡಚಿ ಎಣಿಸಿದೆ. ಅವತ್ತು ಒಂಬತ್ತು. ಶನಿವಾರ.

ಹುಡುಗನಿಗೆ ಫೋನು ಮಾಡಿದರೆ
ಸೋಮವಾರ ಕೂತು ಮಾತಾಡೋಣ ಅಂದ.
ಸೋಮವಾರ ಹನ್ನೊಂದು ಅಲ್ಲವಾ ಮಗಾ?
ಮೌನ. ಆಮೇಲೆ, ಟಾರ್ಗೆಟ್ ಇದೆ ಅಮ್ಮಾ.
ನಮಗೂ ಇತ್ತು, ದಿನಕ್ಕೆ ಇಷ್ಟು ಕೇಜಿ ಎಂದು.
ಕರಿಕಾಳನ್ನು ಒಳ್ಳೆ ರಾಶಿಗೆ ತಳ್ಳಿ
ತೂಕ ತುಂಬಿಸಿದವಳಲ್ಲ ನಾನು.
ಒಂದು ಸಲ ಬಿಟ್ಟು. ಮಗಳಿಗೆ ಜ್ವರವಿತ್ತು.

ಸಫ್ರೀನಾ ಇಂಗ್ಲಿಷಿನಲ್ಲಿ ಬರೆದಳು, ಕೆಳಗೆ ನಾನು ಕನ್ನಡದಲ್ಲಿ:
ಬೇಡ. ನನ್ನ ದುಡ್ಡು ಕೊಡಿ.
ಕುಶಾಲನಗರದ ಅಂಚೆ ಕಚೇರಿ ಮುಚ್ಚಲು
ಹತ್ತು ನಿಮಿಷವಿದ್ದಾಗ ಸೀಲು ಬಿತ್ತು.
ತಾರೀಖು ಸರಿಯಾಗಿ ಮೂಡಿಲ್ಲ, ಇನ್ನೊಮ್ಮೆ ಒತ್ತಿ ಅಂದೆ.
ಒತ್ತಿದರು.

ಹಣ ಇನ್ನೂ ಬಂದಿಲ್ಲ.
ತಿಂಗಳೊಳಗೆ ಬಾರದಿದ್ದರೆ ಮಡಿಕೇರಿಗೆ ಮತ್ತೆ ಹೋಗುವುದು,
ಈ ಸಲ ಗ್ರಾಹಕರ ಆಯೋಗಕ್ಕೆ,
ಗಂಡ ಹೆಂಡತಿ ಇಬ್ಬರೂ.
ರಸೀದಿ ಫ್ಲಾಸ್ಕಿನೊಳಗೆ ಸುತ್ತಿಟ್ಟಿದ್ದೇನೆ.
ಮುಚ್ಚಳ ಸೋರಿದರೆ ಕಾಗದಕ್ಕೇನು.