ಹಾಜರಿ

ಸಂಘಕ್ಕೆ ಮೂವತ್ತು ವರ್ಷವಾಯಿತು, ಏನಾದರೂ ಬರೆದುಕೊಡಿ ಅಕ್ಕ
ಎಂದು ಹುಡುಗರು ಈ ಪುಸ್ತಕ ಇಟ್ಟುಹೋಗಿದ್ದಾರೆ.
ಕೆಂಪು ರಟ್ಟಿನದು, ಕಿರಾಣಿ ಅಂಗಡಿಯ ಸಾಲದ ಲೆಕ್ಕ ಬರೆಯುವಂಥದು.
ತೆರೆದರೆ ಇನ್ನೂ ಪಾಚಿಯ ವಾಸನೆ.

ಮೊದಲ ಪುಟದಲ್ಲಿ ಹನ್ನೊಂದು ಹೆಸರು.
ಯಾರೂ ಸದಸ್ಯರಲ್ಲ.
ಚಂದಾ ಕಟ್ಟಿದ ಗುರುತಿಲ್ಲ, ವಯಸ್ಸು ಮಾತ್ರ ಇದೆ:
ಒಂಬತ್ತು, ಹದಿನಾಲ್ಕು, ಆರು...
ಹೊಳೆನರಸೀಪುರದ ಈ ಮಡುವಿನ ತಳದಿಂದ
ದ್ಯಾವಯ್ಯ ಎತ್ತಿ ತಂದ ಮಕ್ಕಳು.
ಏಳನೆಯ ಹೆಸರು ನಮ್ಮಣ್ಣ ಪದ್ಮರಾಜನದು.

ದ್ಯಾವಯ್ಯನಿಗೆ ಅಕ್ಷರ ಬರುತ್ತಿರಲಿಲ್ಲ.
ಅಂಚೆ ಕಚೇರಿಯ ನಸೀಮಾ ಮೇಡಂ ಕೈಯಲ್ಲಿ ಬರೆಸಿದ:
"ಮೊದ್ಲು ಇವ್ರನ್ನ ಬರ್ಕಳಿ ತಾಯಿ, ಆಮೇಲೆ ಬಂದೋರ್ನ."

ಬಲೆ ಬಿಡುವವನು. ಯಾರಾದರೂ ಮುಳುಗಿದರೆ
ಪೊಲೀಸಿನವರ ಸೈಕಲ್ಲು ಅವನ ಮನೆಗೇ ಹೋಗುತ್ತಿತ್ತು.
ಒಂದು ಬೀಡಿ ಸೇದಿ, ಪಂಚೆ ಬಿಚ್ಚಿಟ್ಟು ಇಳಿಯುತ್ತಿದ್ದ.
ಆಮೇಲೆ ದುಡ್ಡನ್ನು
ಯಾರೂ ಅವನ ಕೈಗೆ ಕೊಡುತ್ತಿರಲಿಲ್ಲ,
ಮೆಟ್ಟಿಲ ಮೇಲೆ ಇಡುತ್ತಿದ್ದರು.
ನಮ್ಮಪ್ಪನೂ ಇಟ್ಟರು. ನಾನು ನೋಡಿದ್ದೇನೆ:
ಒದ್ದೆ ಕಲ್ಲಿಗಂಟಿದ ಐವತ್ತರ ನೋಟು,
ಹರಿಯದಂತೆ ಅದನ್ನು ಬಿಡಿಸುತ್ತಿದ್ದ ಉಗುರು.

ಆ ಬೇಸಗೆಯೇ ಅವನು ಸೋರೆ ಬುರುಡೆ ಒಣಗಿಸಿದ್ದು,
ಟ್ರ್ಯಾಕ್ಟರ್ ಟ್ಯೂಬಿಗೆ ತೇಪೆ ಹಾಕಿಸಿದ್ದು,
ಬೀದಿ ಬೀದಿಗೂ ಹೋಗಿ, ಜಗುಲಿಯ ಕೆಳಗೇ ನಿಂತು ಕೇಳಿದ್ದು:
"ಸತ್ ಮೇಲೆ ಕೊಡ್ತೀರಲ್ಲ ನನ್ ಕೈಗೆ. ಈಗ್ಲೇ ಕೊಡಿ."

ಮೊದಲ ದಿನ ಬಂದವರು ಮೂವರು.
ಜಟಕಾ ಅಬ್ಬಾಸನ ಮಗ ಇಲಿಯಾಸ್,
ಮೀನು ಮಾರುವವಳ ಮಗ ಕೆಂಚೇಶ,
ಅಮ್ಮನಿಗೆ ಹೇಳದೆ, ಲಂಗ ಎತ್ತಿ ಕಟ್ಟಿ, ನಾನು.

ಹೊಟ್ಟೆಯ ಕೆಳಗೆ ಅಂಗೈ ಇಟ್ಟ.
ಆ ಕೈ ನನಗೆ ಗೊತ್ತಿತ್ತು.
ಮೈಯೆಲ್ಲ ಕಲ್ಲಾಗಿ, ಕಣ್ಣು ಮುಚ್ಚಿ, ಕಾಲು ಬಡಿದೆ.
ಎಷ್ಟು ದಿನ ಬಡಿದೆನೋ.
ಯಾವಾಗ ಕೈ ತೆಗೆದನೋ ಇವತ್ತಿಗೂ ತಿಳಿಯದು.
ತಿರುಗಿ ನೋಡಿದರೆ
ದಡದಲ್ಲಿ ಕೂತು ಬೀಡಿ ಹಚ್ಚುತ್ತಿದ್ದ.

ನಿಯಮ ಅಂತ ಇದ್ದದ್ದು ಕಡಿಮೆ.
ಒಬ್ಬರೇ ಇಳಿಯುವಂತಿಲ್ಲ. ಎಲ್ಲರಿಗೂ ಒಂದು ಜೊತೆ.
ಶಿಳ್ಳೆ ಕೇಳಿದರೆ ಎತ್ತಬೇಕಾದ್ದು
ನಿನ್ನ ಕೈಯಲ್ಲ, ಜೊತೆಯವನದು.
ಚಂದಾ ಎಂದರೆ, ಕಲಿತವರು ಇನ್ನೊಬ್ಬರಿಗೆ ಕಲಿಸುವುದು.
ಗೊರೂರಿನಲ್ಲಿ ಬಾಗಿಲು ತೆಗೆದರೆಂಬ ಸುದ್ದಿ ಬಂದರೆ
ಹೊಳೆಗೆ ರಜ, ದಡದಲ್ಲಿ ಹುರಿಗಡಲೆ.

ಹಾಸನದ ಪಂದ್ಯಕ್ಕೆ ಹೋದಾಗ ನಮ್ಮವರು ಹೆದರಿದ್ದು
ಎದುರಾಳಿಗಲ್ಲ, ತಳ ಕಾಣುವ ನೀರಿಗೆ.
ಹೊಳೆ ಯಾವತ್ತೂ ಅದನ್ನು ತೋರಿಸಿರಲಿಲ್ಲ.
ಇಲಿಯಾಸ್ ಮುಂದಿದ್ದ. ಮೂರು ಕೈ ಹಾಕಿ, ತಲೆ ತಿರುಗಿಸಿ,
ಪಕ್ಕದ ಸಾಲಿನಲ್ಲಿ ಕೆಂಚೇಶ ಇದ್ದಾನೋ ಇಲ್ಲವೋ
ನೋಡುತ್ತಾ ನೋಡುತ್ತಾ ಏಳನೆಯವನಾದ.
ಕೆಂಚೇಶ ಎಂಟನೆಯವನು. ಇದ್ದದ್ದೇ ಎಂಟು ಜನ.
ವಾಪಸು ಬಸ್ಸಿನಲ್ಲಿ ಯಾರಿಗೂ ಮಾತಿಲ್ಲ.
ದ್ಯಾವಯ್ಯ ಕಡಲೆಕಾಯಿ ಸುಲಿಯುತ್ತಾ,
"ಇಬ್ರೂ ದಡ ಸೇರುದ್ರಲ್ಲ" ಅಂದ.
ಆಮೇಲೆ ಪದಕಗಳೂ ಬಂದವು.
ಪುರಸಭೆಯವರು ಕೊಟ್ಟ ಬೀರುವಿನಲ್ಲಿವೆ,
ಬೀಗದ ಕೈ ಎಲ್ಲೋ ಕಳೆದಿದೆ.

ಅವನು ಹೋದದ್ದು ನೀರಿನಲ್ಲಲ್ಲ, ಚಾಪೆಯ ಮೇಲೆ,
ಒಂದು ಚಳಿಗಾಲವಿಡೀ ಕೆಮ್ಮಿ.
ನಮ್ಮಪ್ಪ ಕೋಲೂರಿಕೊಂಡು ನಡೆದು,
ಬಾಗಿಲು ದಾಟಿ, ಆ ಅಂಗೈಯನ್ನು ಹಿಡಿದು ಕೂತರು.
ತಡವಾಗಿತ್ತು. ಕೈ ಆಗಲೇ ತಣ್ಣಗಿತ್ತು.

ಹುಡುಗರೇ, ನೀವು ಕೇಳಿದ್ದು ಇತಿಹಾಸ.
ನನಗೆ ಮೊದಲ ಪುಟ ದಾಟಲಾಗುತ್ತಿಲ್ಲ.
ಹನ್ನೊಂದು ಹೆಸರಿನ ಕೆಳಗೆ ಹದಿನಾಲ್ಕು ಗೆರೆ ಹಾಗೇ ಇವೆ.
ಇಷ್ಟು ಜಾಗ ಉಳಿಯಿತಲ್ಲ, ಸದಸ್ಯರನ್ನು ಇಲ್ಲೇ ಬರೆಯಲೇ
ಎಂದು ನಸೀಮಾ ಮೇಡಂ ಕೇಳಿದ್ದರಂತೆ.
"ಉಳೀಲಿ ಬುಡಿ ತಾಯಿ."