ಗಾಡಿ ಕೆಳಗಿನ ಕಿವಿ

ಬೆನ್ನ ಕೆಳಗ ಸಿಮೆಂಟಿನ ಖಾಲಿ ಚೀಲ,
ಮಾರಿ ಮ್ಯಾಲ ಹೌಸಿಂಗು, ಹನಿ ಹನಿ ಗ್ರೀಸು.
ಸೊಂಟದ ತನಕ ನಾನು ಲಾರಿಯವ,
ಸೊಂಟದಿಂದಾಚೆ ರಸ್ತಾದವ.
ಎರಡೂ ಕಾಲು ಬಿಳಿ ಗೆರಿ ಹತ್ತಿರ ಬಿಟ್ಟು ಮಲಗೀನಿ,
ಹಿಟ್ನಾಳ ಟೋಲಿನ ಈಚೆ,
ರಾತ್ರಿ ಒಂದೂವರಿ.

ಕೆಳಗ ಮಲಗಿದವಗ ಗಾಡಿ ಕಾಣೂದಿಲ್ಲ,
ಗಾಳಿ ಬರ್ತೈತಿ.
ಗಾಳಿ ಮ್ಯಾಲೇ ಹೇಳ್ತೀನಿ:
ಇದು ಗಿಣಿಗೇರಿ ಕಾರ್ಖಾನಿಗೆ ಅದಿರು ಹೊತ್ತದ್ದು,
ಒಂದು ಹಿಡಿ ಕೆಂಪು ಧೂಳು ಕಣ್ಣಿಗೆ ಉಗ್ಗಿ ಹೋತು.
ಇದು ಸ್ಲೀಪರ್ ಬಸ್ಸು, ಒಳಗ ಮಂದಿ ಮಲಗ್ಯಾರ
ನನ್ನಂಗ, ಅಂಗಾತ;
ನಲವತ್ತು ಮಂದಿ ನಿದ್ದಿ
ನನ್ನ ಪಾದದಿಂದ ಮೂರು ಗೇಣು ದೂರ ಹಾದು ಹೋತು.
ಇದು ಕಾರು. ಸಣ್ಣದು. ನೂರಿಪ್ಪತ್ತರ ಮ್ಯಾಲ.
ನಟ್ಟು ಇಟ್ಟ ಸ್ಟೀಲಿನ ತಾಟು
ತನ್ನಷ್ಟಕ್ಕ ತಾನ ನಡುಗಿ ಒಂದನ್ನ ಉರುಳಿಸಿತು.
ಎಂಟರಾಗ ಒಂದು ಕಡಿಮಿ ಆದರೂ
ಶಾಫ್ಟು ಯಾರಪ್ಪನ ಮಾತೂ ಕೇಳೂದಿಲ್ಲ.

ಹಿಂದ ಯಮನೂರ ನಿಂತಾನ.
ಹತ್ತೊಂಬತ್ತು ವಯಸ್ಸು. ನನ್ನ ಜಾಕೆಟ್ಟು ಅವಗ ದೊಡ್ಡದು,
ಬೆಳ್ಳಿ ಪಟ್ಟಿ ತೊಡಿ ತನಕ ಹೊಳಿತೈತಿ.
ಬ್ಯಾಟರಿ ಬೀಸ್ತಾನ,
ಜೋಳದ ಹೊಲದಾಗ ಹಕ್ಕಿ ಹೊಡದಂಗ.
ನೂರು ಹೆಜ್ಜಿ ಹಿಂದ ತ್ರಿಕೋನ,
ಅದರ ಹಿಂದ ಬಳ್ಳಾರಿ ಜಾಲಿಯ ಒಂದು ಟೊಂಗಿ,
ನಮ್ಮ ಪಿಕಪ್ಪಿನ ನೆತ್ತಿ ಮ್ಯಾಲ ಹಳದಿ ದೀಪ
ತಿರುಗ್ತೈತಿ, ತಿರುಗ್ತೈತಿ.

"ಮಾವಾ, ಅವರಿಗೆ ಕಾಣೂದಿಲ್ಲೇನು?"
ಕಾಣ್ತೈತಿ ತಮ್ಮಾ.
ಕಂಡಿದ್ದಕ್ಕನ ಹಾರ್ನ್ ಹೊಡಿತಾರ.
ಬಾಜೂಕ ಒಂದು ಲೇನು ಖಾಲಿ ಬಿದ್ದೈತಿ, ನಾಯಿನೂ ಇಲ್ಲ,
ಸ್ಟೇರಿಂಗು ನಾಕು ಬಟ್ಟು ತಿರುವಿದ್ರ ಮುಗೀತು.
ಆ ನಾಕು ಬಟ್ಟಿನ ತ್ರಾಸಿಗಿಂತ
ಹಾರ್ನ್ ಅಗ್ಗ.

ಹ್ವಾದ ಮಾಗಿಯಾಗ ಬನ್ನಿಕೊಪ್ಪದ ಹತ್ತಿರ
ಅಂಬುಲೆನ್ಸು ನಿಂತಿತ್ತು, ದೀಪ ಹಾಕ್ಕೊಂಡು.
ಡ್ರೈವರ್ ಹುಚ್ಚೀರಪ್ಪ ಹಿಂದಿನ ಬಾಗಲಾ ತೆಗೀತಿದ್ದ.
ಈಗ ಅವನ ಎಡಗೈ ಸ್ಟ್ರೆಚರ್ ಎತ್ತೂದಿಲ್ಲ,
ಚಹಾ ಎತ್ತತೈತಿ,
ಅದೂ ಅರ್ಧ ಕಪ್ಪು.
ಇದನ್ನ ನಾ ಯಮನೂರಗ ಹೇಳಿಲ್ಲ.

ಎರಡು ಹತ್ತಕ್ಕ ಒಂದು ಬಂತು.
ದೂರಿಂದನ ಸಪ್ಪಳ ಬ್ಯಾರೆ ಆತು:
ಐದರಿಂದ ನಾಕು, ನಾಕರಿಂದ ಮೂರು,
ಕೂಸು ಮಲಗಿದ ಮನಿಗೆ
ಚಪ್ಪಲಿ ಕೈಯಾಗ ಹಿಡಕೊಂಡು ಹಿರೇರು ಬಂದಂಗ.
ಗೆರಿ ದಾಟಿ ಬಲಕ್ಕ ಸರೀತು.
ಟೈರಿನ ಸದ್ದು ಆ ಕಡೆಗಾತು, ಗಾಳಿ ಬರಲೇ ಇಲ್ಲ.
ತಾಟಿನಾಗ ಏಳು ನಟ್ಟು ಸುಮ್ಮನ ಕುಂತವು.
ಸ್ಪ್ಯಾನರ್ ಹಿಡದ ಕೈ ಸಡಿಲಾತು;
ಅಲ್ಲೀ ತನಕ ಬಿಗಿ ಹಿಡದಿದ್ದೆ ಅಂತ
ಆವಾಗನ ನನಗ ಗೊತ್ತಾತು.

"ಯಾವ ಗಾಡಿಲೇ?"
"ಮೆಣಸಿನಕಾಯಿ ಲೋಡು ಮಾವಾ.
ಹಿಂದ ಏನೋ ಬರದಿತ್ತು, ಓದಾಕ ಆಗಲಿಲ್ಲ."
ಘಾಟು ಆಮ್ಯಾಲ ಬಂತು, ಸಾವಕಾಶ.
ಅಂವ ಮ್ಯಾಲ ಸೀನಿದ, ನಾ ಕೆಳಗ ಸೀನಿದೆ,
ತಲಿ ಹೌಸಿಂಗಿಗೆ ಬಡೀತು, ಇಬ್ಬರೂ ನಕ್ಕಿವಿ.
ನಗೂತನ ಎಂಟನೇ ನಟ್ಟು ಹುಡುಕಿ ಕೊಟ್ಟ.

ನಾಕಕ್ಕ ಲಾರಿ ಚಾಲೂ ಆತು.
ಡ್ರೈವರ್ ರೊಕ್ಕ ಕೊಟ್ಟ, ಒಂದು ಬೀಡಿ ಕೊಟ್ಟ, ಹ್ವಾದ.
ಸಂಜಿಗೆ ಅಂವ ಇಟ್ಟ ಕಲ್ಲು ಹಂಗ ಉಳದ್ವು ಸಾಲಾಗಿ,
ಐದು ತೆಂಗಿನಕಾಯಿಯಷ್ಟು, ಒಂದು ಬೀಸೂ ಕಲ್ಲಿನಷ್ಟು.
ಲಾರಿ ಹೋದ ಮ್ಯಾಲ ಅವು ಯಾರನ್ನ ಕಾಯಬೇಕು?
ಮುಂಜಾನಿ ಹಾಲಿನ ಕ್ಯಾನ್ ಕಟಗೊಂಡು ಬೈಕಿನವ ಬರ್ತಾನ,
ಕಲ್ಲಿಗೆ ದೀಪ ಇಲ್ಲ.
ಒಂದೊಂದ ಎತ್ತಿ ಚರಂಡಿಯಾಚೆ ಒಗದ್ವಿ.
ಆರನೇದು ಭಾರ.
ಇಬ್ಬರೂ ಬಗ್ಗಿದ್ವಿ ರಸ್ತಾಕ್ಕ ಬೆನ್ನು ಮಾಡಿ.

ಟೋಲಿನ ಕಡಿಂದ ಬೆಳಕೊಂದು
ನಮ್ಮ ನೆರಳನ್ನ ಮುಂದಕ್ಕ ಉದ್ದ ಚಾಚಿತು.
ಕಲ್ಲು ಕೈಯಾಗ ಇಟಗೊಂಡೇ ಕಿವಿ ಕೊಟ್ವಿ,
ಗೇರು ಇಳೀತೈತೋ
ಇಲ್ಲೋ.